ನೀರು ಹಂಚಿದವರಿಗೆ ಏನು ಪಾಲು?

2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮೇಲೆ ಮಳೆ ಮುಗಿಬಿತ್ತು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಎರಡೇ ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಈ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಬೆಳೆ ಕೊಚ್ಚುವ ಮಳೆ, ಬೆನ್ನಿಗೇ ಬೆಳೆ ಒಣಗಿಸುವ ಬರ. ಹವಾಮಾನ ಬದಲಾವಣೆಯ ಬಗ್ಗೆ ವಿಜ್ಞಾನಿಗಳು ಎಚ್ಚರಿಸುತ್ತಿರುವುದು ಇಂಥ ಏರುಪೇರಿನ ಬಗ್ಗೆಯೇ.

ಈ ಏರುಪೇರಿಗೆ ಊರುಗಳನ್ನು ಸಜ್ಜುಗೊಳಿಸುವ ಕೆಲಸವನ್ನು ಸರ್ಕಾರಿ ಕಡತಗಳು ಹವಾಮಾನ ಹೊಂದಾಣಿಕೆ ಎನ್ನುತ್ತವೆ. ಪ್ಯಾರಿಸ್ ಒಪ್ಪಂದದಿಂದ ಹಿಡಿದು ಗ್ರಾಮ ಪಂಚಾಯಿತಿಯ ಜಲಭದ್ರತಾ ಯೋಜನೆಯವರೆಗೆ ಇಂದು ಪಾರಂಪರಿಕ ಜ್ಞಾನವನ್ನು ನೆನೆಯದ ದಾಖಲೆ ಅಪರೂಪ. ಆದರೆ ಆ ಜ್ಞಾನವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿಗೆ ಯೋಜನೆಯಲ್ಲಿ ಏನು ಸ್ಥಾನ? ತೀರ್ಮಾನಿಸುವಾಗ ಅವರನ್ನು ಕೇಳುತ್ತಾರೆಯೇ? ಅವರ ಕೆಲಸಕ್ಕೆ ಕೂಲಿ ಉಂಟೇ? ಬೇಡ ಎನ್ನುವ ಹಕ್ಕು ಉಂಟೇ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕೆರೆ ಮತ್ತು ಹೊಲಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಜ್ಞಾನವನ್ನು ಎತ್ತಿಕೊಂಡು ಅದನ್ನು ಬಲ್ಲವರನ್ನು ಹಿಂದೆ ಬಿಟ್ಟುಬರುವ ನೀತಿ, ಎಷ್ಟೇ ಗೌರವದ ಮಾತಾಡಲಿ, ಅನ್ಯಾಯದ ನೀತಿಯೇ.

ನದಿ ಹರಿಯದ ನಾಡಿನ ಏರ್ಪಾಡು

ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಹುಟ್ಟುವುದು ನಂದಿ ಬೆಟ್ಟಗಳ ಸುತ್ತಮುತ್ತ. ಆದರೆ ಹುಟ್ಟಿದ ಸೀಮೆಯಲ್ಲಿ ಅವು ವರ್ಷವಿಡೀ ಹರಿಯುವುದಿಲ್ಲ. ಗೌರಿಬಿದನೂರಿನ ಪಕ್ಕದ ಉತ್ತರ ಪಿನಾಕಿನಿ ಹೆಚ್ಚು ಕಾಲ ಒಣಗಿಯೇ ಇರುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುವಂಥದ್ದು. ಇಂಥ ಕಡೆ ಜನ ಕಟ್ಟಿಕೊಂಡ ಉತ್ತರವೇ ಕೆರೆಗಳ ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. ನಡುನಡುವೆ ದನಕರು ಕುಡಿಯಲು ಮತ್ತು ನೀರು ಇಂಗಲು ಕುಂಟೆಗಳು, ಊರ ಬದಿಯಲ್ಲಿ ಕಲ್ಯಾಣಿ, ಕೆರೆಯ ಹಿಂದುಮುಂದೆ ಹೊಂಗೆ, ಹುಣಸೆಯ ಗುಂಡುತೋಪು. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಚಿಕ್ಕಬಳ್ಳಾಪುರವೂ ಸೇರಿದ್ದ ಅವಿಭಜಿತ ಕೋಲಾರ ಅವು ದಟ್ಟವಾಗಿರುವ ಸೀಮೆಗಳಲ್ಲೊಂದು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1860ರ ದಶಕದಲ್ಲೇ ಇದನ್ನು ಗಮನಿಸಿ, ಈ ನಾಡಿನಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿದ್ದರು. 1892ರ ಮದರಾಸು–ಮೈಸೂರು ಒಪ್ಪಂದ ಪಿನಾಕಿನಿ, ಪಾಲಾರ್ ಕಣಿವೆಗಳಲ್ಲಿ ಮದರಾಸಿನ ಒಪ್ಪಿಗೆಯಿಲ್ಲದೆ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳದಂತೆ ಕಟ್ಟುಹಾಕಿತು. ಹಾಗಾಗಿ ಇದ್ದ ಕೆರೆಗಳನ್ನು ಚೆನ್ನಾಗಿ ನೋಡಿಕೊಳ್ಳುವುದೇ ಈ ಸೀಮೆಯ ಜೀವನೋಪಾಯವಾಯಿತು.

ನೋಡಿಕೊಂಡವರು ಯಾರು? ಏರಿಗೆ ಮಣ್ಣು ಹೊತ್ತು ಕಲ್ಲು ಕಟ್ಟಿದವರಲ್ಲಿ ಭೋವಿ ಸಮುದಾಯದವರ ಪಾಲು ದೊಡ್ಡದು. ಎಂಥ ಮಣ್ಣು ನೀರು ಹಿಡಿಯುತ್ತದೆ, ಎಲ್ಲಿ ಒಳಗಲ್ಲು ಇಳಿಜಾರಾಗಿ ಕೂರಬೇಕು ಎಂಬುದು ಅವರಿಗೆ ಕೈಗೂಡಿದ ವಿದ್ಯೆ. ಕಟ್ಟಿದ ಮೇಲೆ ಕಾಯುವ ಕೆಲಸ ನೀರಗಂಟಿಯದು. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಮಡೆ ತಿರುಗಿಸುವುದು, ರಾತ್ರಿ ಮಳೆ ಬಂದರೆ ಏರಿಯ ಉದ್ದಕ್ಕೂ ನಡೆದು ಇಲಿಬಿಲ, ಸೋರಿಕೆ ನೋಡುವುದು, ಕೋಡಿಯಲ್ಲಿ ಕಸ ಸಿಕ್ಕಿಕೊಳ್ಳದಂತೆ ಕಾಯುವುದು ಅವನ ಹೊಣೆ. ಕೆರೆಯಲ್ಲಿ ಎಷ್ಟು ನೀರಿದ್ದರೆ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಬೆಳೆ ಮುಗಿಯುವವರೆಗೆ ಸಾಕಾಗುತ್ತದೆ ಎಂಬ ಲೆಕ್ಕವೂ ಅವನ ಬಳಿ ಇತ್ತು. ನೀರು ಕಮ್ಮಿಯಾದ ವರ್ಷ ತೆಲುಗು–ಕನ್ನಡ ಗಡಿಸೀಮೆಯ ಕೆಲವು ಕೆರೆಗಳಲ್ಲಿ ದಾಮಾಷಾ ಎಂಬ ಪದ್ಧತಿ ನಡೆಯುತ್ತಿತ್ತು: ಅಚ್ಚುಕಟ್ಟಿನ ಒಂದು ತುಂಡಿಗೆ ಮಾತ್ರ ನೀರು ಬಿಟ್ಟು, ಜಮೀನು ಯಾರದೇ ಆಗಿರಲಿ, ಆ ಹಂಗಾಮಿನ ಮಟ್ಟಿಗೆ ಅದನ್ನು ಎಲ್ಲರಿಗೂ ಪಾಲು ಹಾಕುವುದು. ಬರವನ್ನು ಕೊನೆಯ ಗದ್ದೆಯವನೊಬ್ಬನ ತಲೆಗೆ ಕಟ್ಟದೆ ಊರೇ ಹೊರುವ ಕ್ರಮ ಅದು.

ಹೊಲದ ಏರ್ಪಾಡೂ ಹೀಗೆಯೇ ಇತ್ತು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು. ಒಂದು ಸೋತರೆ ಇನ್ನೊಂದು ಮನೆ ಸೇರುತ್ತದೆ. ಮಳೆ ತಡವಾದರೆ ಬೇಗ ಕೊಯ್ಲಿಗೆ ಬರುವ ರಾಗಿ, ಇನ್ನೂ ತಡವಾದರೆ ಹುರುಳಿ. ಇಂದು ಬರಗಾಲದ ಪರ್ಯಾಯ ಬೆಳೆ ಯೋಜನೆಗಳು ಕೊಡುವ ಸಲಹೆಯ ತಿರುಳೂ ಇದೇ. ಇದರ ಜೊತೆಗೆ ಹೆಂಗಸರು ಹೊಲದ ಬದುಗಳಲ್ಲಿ ಕಿತ್ತು ತರುವ ಬೆರಕೆ ಸೊಪ್ಪು: ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆ. ಬಿತ್ತದೆ ಬೆಳೆಯುವ ಈ ಆಹಾರ ಬರದ ವರ್ಷ ಮಕ್ಕಳ ತಟ್ಟೆಗೆ ಕಬ್ಬಿಣದ ಅಂಶ ತರುತ್ತದೆ. ಯಾವ ಸೊಪ್ಪು ಯಾವ ತಿಂಗಳು, ಯಾವುದರೊಡನೆ ಯಾವುದು ಸೇರಬೇಕು ಎಂಬ ತಿಳಿವಳಿಕೆ ಹೆಂಗಸರದು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಮೊದಲು ಕಾಣೆಯಾಗುವುದು ಈ ಸೊಪ್ಪುಗಳೇ.

ದಾಖಲೆಗಳು ಏನು ಹೇಳುತ್ತವೆ

2015ರ ಪ್ಯಾರಿಸ್ ಒಪ್ಪಂದದ 7ನೇ ವಿಧಿ, ಹೊಂದಾಣಿಕೆಯ ಕ್ರಮಗಳು ಲಭ್ಯವಿರುವ ಅತ್ಯುತ್ತಮ ವಿಜ್ಞಾನವನ್ನೂ, ಸಂದರ್ಭಕ್ಕೆ ತಕ್ಕಂತೆ ಪಾರಂಪರಿಕ ಜ್ಞಾನ, ಮೂಲನಿವಾಸಿಗಳ ಜ್ಞಾನ ಮತ್ತು ಸ್ಥಳೀಯ ಜ್ಞಾನವನ್ನೂ ಆಧರಿಸಬೇಕು ಎನ್ನುತ್ತದೆ. ಅದೇ ಸಮ್ಮೇಳನದಲ್ಲಿ ಸ್ಥಳೀಯ ಸಮುದಾಯಗಳು ಮತ್ತು ಮೂಲನಿವಾಸಿಗಳಿಗೆಂದು ಒಂದು ವೇದಿಕೆಯ ನಿರ್ಧಾರವಾಯಿತು. 2018ರಲ್ಲಿ ಪೋಲೆಂಡಿನ ಕಟೊವಿತ್ಸೆಯಲ್ಲಿ ಅದಕ್ಕೆ ಕಾರ್ಯತಂಡ ರಚನೆಯಾಯಿತು. ಹವಾಮಾನ ಕುರಿತ ಅಂತರಸರ್ಕಾರಿ ಸಮಿತಿ 2022ರ ವರದಿಯಲ್ಲಿ ಈ ಜ್ಞಾನದ ಮೌಲ್ಯವನ್ನು ಒಪ್ಪಿತಲ್ಲದೆ, ಕೆಲವು ಜನಸಮುದಾಯಗಳು ಹವಾಮಾನದ ಪೆಟ್ಟಿಗೆ ಹೆಚ್ಚು ಸಿಕ್ಕುವುದಕ್ಕೆ ವಸಾಹತುಶಾಹಿಯೂ ಒಂದು ಕಾರಣವೆಂದು ಹೆಸರಿಸಿತು.

2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತ ಪರವಾಗಿ ಮತ ಹಾಕಿತು. ಆದರೆ ಸ್ವಾತಂತ್ರ್ಯಾನಂತರದ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಹೀಗಾಗಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಂಥ ಪರಿಶಿಷ್ಟ ಪಂಗಡಗಳಿಗೆ ಒಂದಿಷ್ಟು ಕಾನೂನಿನ ಆಸರೆ ಸಿಕ್ಕಿದೆ. ಬಯಲುಸೀಮೆಯ ನೀರಗಂಟಿಗೆ, ಭೋವಿಗೆ, ಸೊಪ್ಪು ಕೀಳುವ ಹೆಂಗಸಿಗೆ ಅಂಥ ಆಸರೆ ಇಲ್ಲ. ಅವರು ಯಾವ ಪಟ್ಟಿಯಲ್ಲೂ ಜ್ಞಾನದ ವಾರಸುದಾರರಾಗಿ ಕಾಣುವುದಿಲ್ಲ. ಕಂಡರೆ ಫಲಾನುಭವಿಗಳಾಗಿ ಕಾಣುತ್ತಾರೆ.

ದೇಶದ ಹವಾಮಾನ ಕ್ರಿಯಾ ಯೋಜನೆ 2008ರಲ್ಲಿ ಬಂತು. ಅದರ ಬೆನ್ನಿಗೆ ರಾಜ್ಯಗಳ ಯೋಜನೆಗಳು ಬಂದವು. ಕರ್ನಾಟಕದ್ದನ್ನು ಸಿದ್ಧಪಡಿಸಿದ್ದು ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ. ಜ್ಞಾನದ ದಾಖಲೀಕರಣಕ್ಕೆ 2002ರ ಜೀವವೈವಿಧ್ಯ ಕಾಯ್ದೆ ಇದೆ: ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ವರ್ಷಗಟ್ಟಲೆ ಕೆಲಸ ಮುಂದೆ ಸಾಗದಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ವಿಧಿಸುವುದಾಗಿ ಹೇಳಿತು. ಗಡುವಿನ ಭಯದಲ್ಲಿ ದಾಖಲೆಗಳನ್ನು ತರಾತುರಿಯಲ್ಲಿ ಮುಗಿಸಿದ ದೂರು ದೇಶದ ಹಲವೆಡೆ ಕೇಳಿಬಂತು. ಊರಿನ ತಿಳಿವಳಿಕೆ ಬರೆದಿಡುವುದು ಊರಿನೊಡನೆ ಕೂತು ಮಾಡುವ ಕೆಲಸ. ಗಡುವಿಗೆ ತುಂಬಿದ ನಮೂನೆಯಲ್ಲಿ ಮರಗಳ ಹೆಸರು ಸಿಗುತ್ತದೆ, ಮರ ಬಲ್ಲವರ ಮಾತು ಸಿಗುವುದಿಲ್ಲ.

ನಂಬದೆ ಹೋದ ಮಾತು

ಅನ್ಯಾಯದ ಮೊದಲ ಬಗೆ ಎಂದರೆ ಹೇಳಿದವರನ್ನು ನಂಬದಿರುವುದು. ಈ ಸೀಮೆಗೆ ಅದರ ಪಾಠ ನೀಲಗಿರಿಯಿಂದ ಆಗಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ಕೋಲಾರ ಸೀಮೆಯ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಮರ ಬೆಳೆಸಿದವರಿಗೆ ಕಾಗದ, ರೇಯಾನ್ ಕಾರ್ಖಾನೆಗಳ ಮಾರುಕಟ್ಟೆ ಇತ್ತು. ಕಳೆ ಕಿತ್ತು, ರಾಗಿ ಕೊಯ್ದು ಬದುಕುತ್ತಿದ್ದ ಕೂಲಿಯವರಿಗೆ ಕೆಲಸ ತಪ್ಪಿತು. ಪಕ್ಕದ ಬಾವಿ ಬತ್ತುತ್ತದೆ, ಅದರಡಿ ಹುಲ್ಲೂ ಹುಟ್ಟುವುದಿಲ್ಲ ಎಂದು ರೈತರು ಹೇಳಿದರು. ವಂದನಾ ಶಿವ ಮತ್ತು ಅವರ ಸಹವರ್ತಿಗಳು ಕೋಲಾರದ ಅನುಭವವನ್ನು ಅಧ್ಯಯನ ಮಾಡಿ ಎಚ್ಚರಿಸಿದರು. ತುಮಕೂರು ಕಡೆ ರೈತ ಸಂಘದವರು ನರ್ಸರಿಗಳಿಂದ ಸಸಿ ಕಿತ್ತರು. ಅರಣ್ಯ ತಜ್ಞರಲ್ಲಿ ಹಲವರು ಇದನ್ನೆಲ್ಲ ಭಾವಾವೇಶ ಎಂದುಕೊಂಡರು.

ಮುಂದೆ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ತಂಡದವರು ಕರ್ನಾಟಕದ ನೆಡುತೋಪುಗಳಲ್ಲಿ ಅಳತೆ ಮಾಡಿ ನೋಡಿದರು. ಆಳದ ಮಣ್ಣಿರುವ ಹೊಸಕೋಟೆಯಲ್ಲಿ ನೀಲಗಿರಿ ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು, ಮಣ್ಣಿನ ಆಳದ ಸಂಗ್ರಹದಿಂದಲೂ ಎಳೆದು, ಬಳಸುತ್ತಿತ್ತು. ಬೇರೆ ಕೆಲವು ಕಡೆ ಅದರ ನೀರಿನ ಬಳಕೆ ಸ್ಥಳೀಯ ಕಾಡಿನಷ್ಟೇ ಇತ್ತು. ಎಂದರೆ ಈ ಸೀಮೆಯ ರೈತರು ತಮ್ಮ ನೆಲದ ಬಗ್ಗೆ ಹೇಳಿದ್ದು ಸರಿಯಾಗಿತ್ತು. ಎಲ್ಲ ನೆಲಕ್ಕೂ ಒಂದೇ ಮಾತು ಸಲ್ಲದು ಎಂಬುದನ್ನು ವಿಜ್ಞಾನ ಸೇರಿಸಿತು. ಎರಡೂ ತಿಳಿವಳಿಕೆ ಒಂದೇ ಜಗಲಿಯಲ್ಲಿ ಕೂತಿದ್ದರೆ ಬೇಗ ತೀರ್ಮಾನವಾಗುತ್ತಿತ್ತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಮೊದಲ ದೂರಿಗೂ ಆದೇಶಕ್ಕೂ ನಡುವೆ ಮೂರು ದಶಕ ಕಳೆದಿತ್ತು. ಆ ಮೂರು ದಶಕದಲ್ಲಿ ಬತ್ತಿದ ಬಾವಿಗೆ ಯಾರೂ ಪರಿಹಾರ ಕೊಟ್ಟಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೂ ಇದೇ ಆಯಿತು. ಬೇಸಿಗೆ ಬಲಿಯುವ ಮುನ್ನ ತರಗಿಗೆ ಸಣ್ಣ ಬೆಂಕಿ ಹಾಕುವುದು ಅವರ ಪದ್ಧತಿ. 1974ರಲ್ಲಿ ವನ್ಯಧಾಮವಾದ ಮೇಲೆ ಅದು ಅಪರಾಧವಾಯಿತು. ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತ ಬಂದರು. ಅಶೋಕ ಟ್ರಸ್ಟ್ (ಏಟ್ರೀ) ಸಂಸ್ಥೆಯ ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದರು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಅದು ಮೊದಲು. ಬೆಂಕಿಯ ಬಗ್ಗೆ ಮಾತ್ರ ಅವರ ತಿಳಿವಳಿಕೆಗೆ ಆಡಳಿತದಲ್ಲಿ ಜಾಗ ಸಿಕ್ಕಿಲ್ಲ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಆದಿವಾಸಿ ರೇಂಜರುಗಳು ಒಣಗಾಲದ ಆರಂಭದಲ್ಲಿ ಹಾಕುವ ಇಂಥದ್ದೇ ಸಣ್ಣ ಬೆಂಕಿಯಿಂದ ದೊಡ್ಡ ಕಾಳ್ಗಿಚ್ಚನ್ನು ತಗ್ಗಿಸಿ, ಉಳಿಸಿದ ಇಂಗಾಲದ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದಾರೆ. ಒಂದೇ ಬಗೆಯ ವಿದ್ಯೆಗೆ ಅಲ್ಲಿ ಸಂಬಳ ಸಿಗುತ್ತದೆ, ಇಲ್ಲಿ ಮೊಕದ್ದಮೆ.

ಪರಂಪರೆಯೊಳಗಿನ ಅನ್ಯಾಯ

ಹಾಗೆಂದು ಹಳೆಯದನ್ನೆಲ್ಲ ಹಾಗೆಯೇ ಮರಳಿ ತರಬೇಕೆಂಬ ವಾದವನ್ನು ಒಪ್ಪಲಾಗದು. ಅನುಪಮ್ ಮಿಶ್ರಾ ಹಿಂದಿಯಲ್ಲಿ ಕೆರೆಗಳ ಬಗ್ಗೆ ಬರೆದ ಪುಸ್ತಕ, ವಿಜ್ಞಾನ ಮತ್ತು ಪರಿಸರ ಕೇಂದ್ರ 1997ರಲ್ಲಿ ಹೊರತಂದ ಪಾರಂಪರಿಕ ನೀರಿನ ವ್ಯವಸ್ಥೆಗಳ ಸಮೀಕ್ಷೆ ದೇಶದ ಕಣ್ಣನ್ನು ಕೆರೆಗಳತ್ತ ತಿರುಗಿಸಿದವು. ಆ ಉಪಕಾರ ದೊಡ್ಡದು. ಆದರೆ ಆ ಚಿತ್ರದಲ್ಲಿ ಊರು ಒಂದೇ ಮನಸ್ಸಿನ ಸಮುದಾಯವಾಗಿ ಕಾಣುತ್ತದೆ. ಕರ್ನಾಟಕದ ಕೆರೆ ನೀರಾವರಿಯನ್ನು ಆಳವಾಗಿ ಅಧ್ಯಯನ ಮಾಡಿದ ಈಶಾ ಶಾ, ತಮಿಳುನಾಡಿನ ಕೆರೆಗಳ ಬಗ್ಗೆ ಬರೆದ ಡೇವಿಡ್ ಮಾಸ್ ಅದರ ಇನ್ನೊಂದು ಮುಖ ತೋರಿಸಿದರು. ಕೆರೆ ಕಟ್ಟಿದ್ದು ಬಿಟ್ಟಿ ದುಡಿಮೆಯಿಂದಲೂ ಹೌದು, ಅಧಿಕಾರದ ಒತ್ತಾಯದಿಂದಲೂ ಹೌದು. ಅಚ್ಚುಕಟ್ಟಿನ ಗದ್ದೆ ಮೇಲ್ಜಾತಿಯವರದು, ಹೂಳೆತ್ತುವ ಕೈ ಕೆಳಜಾತಿಯವರದು. ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ‘ಕೆರೆಗೆ ಹಾರ’ ಲಾವಣಿಯನ್ನು ಕನ್ನಡಿಗರೆಲ್ಲ ಬಲ್ಲರು. ಒಳಿತಿನ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ನಮ್ಮ ಜನಪದವೇ ಮರೆತಿಲ್ಲ.

ನೀರಗಂಟಿ ಹೆಚ್ಚಾಗಿ ದಲಿತ. ಅವನ ಸಂಭಾವನೆ ಸುಗ್ಗಿಯ ಕಾಲದ ಆಯದ ಧಾನ್ಯ, ಒಂದಷ್ಟು ಇನಾಮು ಜಮೀನು. ಎಲ್ಲರ ಗದ್ದೆಗೂ ನೀರು ಹಂಚುವ ನಂಬಿಕೆಯ ಸ್ಥಾನ ಅವನದಾದರೂ ಊರ ಬಾವಿಯಲ್ಲಿ ನೀರು ಸೇದುವ ಹಕ್ಕು ಅವನಿಗಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದ ಅಂಟುವ ಚಾಕರಿಯಿಂದ ಬಿಡುಗಡೆ ಕೊಟ್ಟ ಆ ಕಾಯ್ದೆ ಬೇಕೇ ಬೇಕಿತ್ತು. ಕೊರತೆ ಅದರ ಮುಂದಿನ ಹೆಜ್ಜೆಯಲ್ಲಿತ್ತು: ಹುದ್ದೆ ಹೋಯಿತು, ಕೆಲಸ ಉಳಿಯಿತು; ಆ ಕೆಲಸಕ್ಕೆ ಸಂಬಳದ, ಗೌರವದ, ಯಾರು ಬೇಕಾದರೂ ಸೇರಬಹುದಾದ ಹೊಸ ಹುದ್ದೆಯನ್ನು ಯಾರೂ ಸೃಷ್ಟಿಸಲಿಲ್ಲ. ಕೆರೆ ಇಲಾಖೆಯ ಸ್ವತ್ತಾಯಿತು, ಕೊಳವೆಬಾವಿ ಬಂತು, ರಾಜಕಾಲುವೆಗಳು ಒತ್ತುವರಿಯಾದವು. ಇಂದು ಜಿಲ್ಲೆಯ ತಾಲ್ಲೂಕುಗಳಲ್ಲಿ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆ. ಸಾವಿರ ಅಡಿ ದಾಟಿ ಕೊರೆದರೂ ಸಿಗುವ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ನ್ಯಾಯದ ಹೆಸರಿನಲ್ಲಿ ಇಂದು ನೀರಗಂಟಿಕೆಯನ್ನು ಹಳೆಯ ಮನೆತನಗಳ ತಲೆಗೇ ಮತ್ತೆ ಕಟ್ಟಿದರೆ ಅದು ಎರಡನೇ ಅನ್ಯಾಯವಾಗುತ್ತದೆ.

ಯೋಜನೆಗಳು ಬಂದ ದಾರಿ

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಆರಂಭವಾಯಿತು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಕೆರೆಯನ್ನು ಜನರ ಕೈಗೆ ಮರಳಿಸುವ ಆ ಆಲೋಚನೆ ಸರಿಯಾಗಿತ್ತು. ಆದರೆ ಕಾಮಗಾರಿ ಮುಗಿದು ಹಣ ನಿಂತ ಮೇಲೆ ಹಲವು ಸಂಘಗಳು ಸುಮ್ಮನಾದವು. ಏರಿ, ತೂಬು, ಕೋಡಿಯ ದುರಸ್ತಿಗೆ ಅಂದಾಜುಪಟ್ಟಿ ಇತ್ತು. ದಿನವೂ ತೂಬು ಕಾಯುವವನಿಗೆ ಕಾಯಂ ಸಂಬಳದ ಬಾಬತ್ತು ಇರಲಿಲ್ಲ.

2014ರ ಕೃಷಿಭಾಗ್ಯ ಕೃಷಿ ಹೊಂಡಗಳನ್ನು ತಂದಿತು. ಒಣಭೂಮಿಯ ಬೆಳೆಗೆ ಕೊನೆಗಳಿಗೆಯಲ್ಲಿ ಒಂದು ತಂಪು ಕೊಡಲು ಇದು ನೆರವಾಗುತ್ತದೆ, ಅನುಮಾನವಿಲ್ಲ. ಆದರೆ ಕುಂಟೆಗೂ ಕೃಷಿ ಹೊಂಡಕ್ಕೂ ನಡುವಿನ ಅಂತರವನ್ನು ಗಮನಿಸಬೇಕು. ಕುಂಟೆ ಊರಿನದು, ಅದರ ನೀರು ಇಂಗಿ ಸುತ್ತಲ ಬಾವಿಗೆ ಹೋಗುತ್ತದೆ, ಜಮೀನಿಲ್ಲದವನ ಮೇಕೆಯೂ ಅಲ್ಲಿ ಕುಡಿಯುತ್ತದೆ. ಪಾಲಿಥೀನ್ ಹಾಸಿದ ಹೊಂಡ ಜಮೀನುದಾರನೊಬ್ಬನದು. ಕೆಲವೆಡೆ ಅದನ್ನು ತುಂಬಿಸುವುದು ಕೊಳವೆಬಾವಿಯಿಂದಲೇ. ನೀರು ಹಿಡಿದಿಡುವ ಹಳೆಯ ವಿಚಾರ ಉಳಿಯಿತು, ಹಂಚಿ ಬಾಳುವ ಕ್ರಮ ಹೋಯಿತು.

ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿತ ಕೊಳಚೆ ನೀರನ್ನು 65 ಕೆರೆಗಳಿಗೆ ತುಂಬಿಸುವ ಗುರಿಯದು. ಅದರ ಫಲ ಬಹುಪಾಲು ಚಿಕ್ಕಬಳ್ಳಾಪುರ ಜಿಲ್ಲೆಗೆ. ಬತ್ತಿದ್ದ ಕೆರೆಯಲ್ಲಿ ನೀರು ಕಂಡ ರೈತರ ಸಂತೋಷ ನಿಜವಾದದ್ದು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತ ಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಬೀದಿಯಲ್ಲೂ ನ್ಯಾಯಾಲಯದಲ್ಲೂ ಕೇಳುತ್ತಿರುವ ಪ್ರಶ್ನೆಯೂ ನಿಜವಾದದ್ದು. ಕೆರೆಯ ನೀರು ಇಂಗಿ ಕುಡಿಯುವ ಬಾವಿಗೆ ಸೇರುತ್ತದೆ ಎಂಬುದನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಎತ್ತಿನಹೊಳೆ ಯೋಜನೆಯಂತೂ 24 ಟಿಎಂಸಿ ಅಡಿ ನೀರಿನ ಭರವಸೆಯೊಂದಿಗೆ ಪಶ್ಚಿಮಘಟ್ಟವನ್ನೇ ಬಗೆಯಿತು. ಅದರ ಅಂದಾಜು ವೆಚ್ಚ 23 ಸಾವಿರ ಕೋಟಿ ರೂಪಾಯಿ ದಾಟಿದೆ. ದೂರದಿಂದ ನೀರು ತರಲು ಸಿಗುವ ಹಣದ ಒಂದು ಸಣ್ಣ ಪಾಲೂ ಬಿದ್ದ ಮಳೆ ಹಿಡಿಯುವ ಕಾಲುವೆಗಳಿಗೆ ಸಿಗದಿರುವುದು ಯಾರ ತಿಳಿವಳಿಕೆಗೆ ಬೆಲೆಯಿದೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆಯ ನೀರನ್ನು ಪಟ್ಟಣಕ್ಕೆ ಕುಡಿಯಲು ಒಯ್ಯುವ ಯೋಜನೆಗೆ ಅಲ್ಲಿನ ರೈತರು ವಿರೋಧ ಒಡ್ಡಿರುವುದೂ ಇದೇ ಸರಣಿಯ ಪ್ರಶ್ನೆ. ಪಟ್ಟಣದ ಬಾಯಾರಿಕೆ ಸುಳ್ಳಲ್ಲ, ಅಚ್ಚುಕಟ್ಟಿನ ಹಕ್ಕೂ ಸುಳ್ಳಲ್ಲ. ಇಂಥ ಇಕ್ಕಟ್ಟನ್ನು ಬಿಡಿಸಲು ಹಂಚಿಕೆಯ ಅನುಭವವೇ ಬೇಕು. ಕಮ್ಮಿ ನೀರನ್ನು ಪಾಲು ಹಾಕುವ ವಿದ್ಯೆ ಇರುವ ಸೀಮೆಯಲ್ಲಿ ಆ ವಿದ್ಯೆ ಬಲ್ಲವರನ್ನು ಮೊದಲು ಕರೆಯಬೇಕು, ಪೈಪಿನ ಟೆಂಡರು ಆಮೇಲೆ.

2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಏಳು ರಾಜ್ಯಗಳ ಈ 6 ಸಾವಿರ ಕೋಟಿ ರೂಪಾಯಿಯ ಯೋಜನೆಯಲ್ಲಿ ಚಿಕ್ಕಬಳ್ಳಾಪುರವೂ ಸೇರಿತ್ತು. ಪ್ರತಿ ಗ್ರಾಮ ಪಂಚಾಯಿತಿ ತನ್ನ ನೀರಿನ ಆಯವ್ಯಯ ತಾನೇ ಬರೆದು ಜಲಭದ್ರತಾ ಯೋಜನೆ ಮಾಡಬೇಕೆಂಬ ಅದರ ನಿಯಮ ಒಳ್ಳೆಯದು. ಆ ಆಯವ್ಯಯ ಬರೆಯಲು ಕೂರುವವರು ಯಾರು ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ. ಕೊಳವೆಬಾವಿ ಉಳ್ಳವರ ಧ್ವನಿ ಗ್ರಾಮಸಭೆಯಲ್ಲಿ ತಾನಾಗಿ ಕೇಳುತ್ತದೆ. ಕೆರೆ ಬಲ್ಲ ಆದರೆ ಜಮೀನಿಲ್ಲದವನ ಧ್ವನಿಯನ್ನು ಕೇಳಿ ಬರೆದುಕೊಳ್ಳಬೇಕು.

ವಿಜ್ಞಾನದ ಆಕ್ಷೇಪ

ಪಾರಂಪರಿಕ ಜ್ಞಾನದ ಬಗ್ಗೆ ಒಂದು ಗಂಭೀರ ಆಕ್ಷೇಪವಿದೆ. ಆರಿದ್ರಾ, ಪುನರ್ವಸು ಎಂದು ಹದಿಮೂರು–ಹದಿನಾಲ್ಕು ದಿನಗಳ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬಿತ್ತನೆ ನಡೆಸುತ್ತಿದ್ದ ರೈತನಿಗೆ ಈಗ ಮಳೆಯೇ ಮಾತು ತಪ್ಪುತ್ತಿದೆ. ಹಳೆಯ ಮಳೆಯ ಮೇಲೆ ಕಟ್ಟಿದ ಲೆಕ್ಕ ಹೊಸ ಮಳೆಗೆ ಹೇಗೆ ಹೊಂದೀತು? ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಲೆಕ್ಕ ಕೊಡುತ್ತವೆ; ಇನ್ನು ನಕ್ಷತ್ರದ ಹಂಗೇಕೆ?

ಆಕ್ಷೇಪದಲ್ಲಿ ಹುರುಳಿದೆ. ಆದರೆ ನಕ್ಷತ್ರದ ಪಟ್ಟಿ ಈ ಜ್ಞಾನದ ಒಂದು ಎಳೆ ಮಾತ್ರ. ಮಳೆ ಕೈಕೊಟ್ಟಾಗ ಬೆಳೆ ಬದಲಿಸುವುದು, ಬೆರಕೆ ಬಿತ್ತುವುದು, ನೀರು ಕಮ್ಮಿಯಾದಾಗ ಅಚ್ಚುಕಟ್ಟು ಕುಗ್ಗಿಸುವುದು, ಇವೆಲ್ಲ ಹುಟ್ಟಿರುವುದೇ ನಂಬಲಾಗದ ಮಳೆಯೊಡನೆ ಬದುಕಿ. ಅರುಣ್ ಅಗ್ರವಾಲ್ 1995ರಲ್ಲೇ ಒಂದು ಲೇಖನದಲ್ಲಿ ವಾದಿಸಿದಂತೆ ಸ್ಥಳೀಯ ಜ್ಞಾನ, ವೈಜ್ಞಾನಿಕ ಜ್ಞಾನ ಎಂದು ನಡುವೆ ಗೋಡೆ ಎಬ್ಬಿಸುವುದು ಸರಿಯಲ್ಲ. ಎರಡೂ ಬದಲಾಗುತ್ತವೆ, ಒಂದರಿಂದೊಂದು ಪಡೆಯುತ್ತವೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆರೆಸಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳು ಈ ಸೀಮೆಯ ಕಣಜ ತುಂಬಿಸಿದವು. ಆ ತಳಿಗಳ ಹಿಂದೆ ಎರಡು ಖಂಡಗಳ ರೈತರು, ಅದರಲ್ಲೂ ಬೀಜ ಆರಿಸಿ ಬೂದಿಯಲ್ಲಿ ಕಾಪಿಟ್ಟ ಹೆಂಗಸರು, ನಡೆಸಿದ ಆಯ್ಕೆ ಇತ್ತು. ವಿಜ್ಞಾನಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಬೀಜ ಉಳಿಸಿದವರ ಪಾಲೂ ಕಡತಕ್ಕೆ ಬರಲಿ. ಮಳೆಮಾಪಕ ಎಷ್ಟು ಬಿತ್ತೆಂದು ಹೇಳುತ್ತದೆ. ಬಿದ್ದದ್ದು ಯಾವ ಹಳ್ಳದಲ್ಲಿ ಹರಿದು ಯಾವ ಮೋರಿಯಲ್ಲಿ ಸಿಕ್ಕಿಕೊಂಡಿತು, ಏರಿ ಎಲ್ಲಿ ಸೋರುತ್ತಿದೆ ಎಂಬುದನ್ನು ಹೇಳಲು ಏರಿಯ ಮೇಲೆ ನಡೆಯುವವರು ಬೇಕು. 2021ರಂಥ ಮಳೆಯಲ್ಲಿ ಊರನ್ನು ಉಳಿಸಲು ಎರಡೂ ಮಾಹಿತಿ ಒಟ್ಟಿಗಿರಬೇಕು.

ನ್ಯಾಯ ಎಂದರೆ ಏನು ಮಾಡಬೇಕು

ನ್ಯಾಯಕ್ಕೆ ಮೊದಲು ಬೇಕಾದದ್ದು ಹೆಸರು ಹಿಡಿದು ಒಪ್ಪಿಕೊಳ್ಳುವುದು. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಶ್ರೀಪಡ್ರೆಯವರಂಥವರು ಕಾಸರಗೋಡಿನ ಸುರಂಗ ತೋಡುವವರ, ಮಳೆನೀರು ಹಿಡಿಯುವವರ ಕೌಶಲವನ್ನು ಅವರವರ ಹೆಸರಿನಲ್ಲೇ ನಾಡಿಗೆ ತಿಳಿಸಿದರು. ಪಂಚಾಯಿತಿಯ ಯೋಜನೆಯೂ ಇದನ್ನು ಮಾಡಬಹುದು: ಈ ಕಾಲುವೆಯ ಜಾಡು ಹೇಳಿದವರು ಇಂಥವರು, ಈ ಸೊಪ್ಪುಗಳ ಪಟ್ಟಿ ಕೊಟ್ಟವರು ಇಂಥವರು ಎಂದು, ಅವರ ಒಪ್ಪಿಗೆ ಪಡೆದು ಬರೆಯಬಹುದು.

ಎರಡನೆಯದು ಸಂಬಳ. ಗ್ರಾಮ ಪಂಚಾಯಿತಿಗಳಲ್ಲಿ ಕುಡಿಯುವ ನೀರು ಬಿಡಲು ಇಂದೂ ನೀರುಗಂಟಿಗಳಿದ್ದಾರೆ. ಪಂಪು ಚಾಲೂ ಮಾಡಿ ವಾಲ್ವ್ ತಿರುಗಿಸುವ ಅವರ ವೇತನವೇ ಅಲ್ಪ. ಆ ಹುದ್ದೆಯನ್ನು ಭದ್ರಪಡಿಸಿ, ಕೆರೆಯ ಹೊಣೆಗೆ ಪ್ರತ್ಯೇಕ ನೀರಗಂಟಿಯನ್ನು ಸೇರಿಸಿ, ಗಂಡಸು ಹೆಂಗಸು ಯಾವ ಜಾತಿಯವರೇ ಆಗಲಿ ತರಬೇತಿ ಪಡೆದು ಬರುವಂತೆ ಮಾಡಿದರೆ ಹವಾಮಾನ ಹೊಂದಾಣಿಕೆಗೆ ಅದಕ್ಕಿಂತ ಅಗ್ಗದ, ಖಚಿತವಾದ ಖರ್ಚು ಇನ್ನೊಂದಿಲ್ಲ. ಕಲಿಸುವ ಗುರುಗಳಾಗಿ ಹಳೆಯ ನೀರಗಂಟಿಗಳಿಗೂ ಭೋವಿ ಮೇಸ್ತ್ರಿಗಳಿಗೂ ಗೌರವಧನ ಕೊಡಬೇಕು. ಬಡವರು ಸಂಘಟಿತರಾದಾಗ ಲಾಭ ಅವರಿಗೇ ತಲುಪಬಲ್ಲದು ಎಂಬುದಕ್ಕೆ ಈ ಜಿಲ್ಲೆಯಲ್ಲೇ ಸಾಕ್ಷಿಯಿದೆ: ಬಾಗೇಪಲ್ಲಿಯ ಕೂಲಿ ಸಂಘದ 5,500 ಕುಟುಂಬಗಳ ಗೋಬರ್ ಗ್ಯಾಸ್ ಯೋಜನೆ 2005ರಲ್ಲೇ ಕ್ಯೋಟೊ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಗಿ, ಹೊಗೆ ತಪ್ಪಿಸಿದ ಅಡುಗೆಮನೆಗೆ ಇಂಗಾಲದ ಹಣದ ನಂಟು ಕಟ್ಟಿತು.

ಮೂರನೆಯದು ತೀರ್ಮಾನದ ಅಧಿಕಾರ, ಅದರೊಳಗೆ ಬೇಡ ಎನ್ನುವ ಹಕ್ಕು. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿ ಇಂದು ಕೈಗಾರಿಕಾ ಪ್ರದೇಶವಿದೆ. ಉದ್ಯೋಗ ಬೇಕು, ಕಾರ್ಖಾನೆಯೂ ಬೇಕು. ಆದರೆ ಅಂತರ್ಜಲ ಬರಿದಾದ ತಾಲ್ಲೂಕಿನಲ್ಲಿ ಎಲ್ಲೇ ಬಡಾವಣೆಗಾಗಿ ನೆಲ ಸಮತಟ್ಟು ಮಾಡಲು ಹೊರಟರೂ ಮೊದಲು ಆ ನೆಲದ ಹಳ್ಳ, ಕಾಲುವೆ, ಕುಂಟೆಗಳ ಜಾಡನ್ನು ಊರವರೊಡನೆ ನಡೆದು ಗುರುತಿಸಬೇಕು. ಕಂದಾಯ ನಕ್ಷೆಯಲ್ಲಿ ಗೆರೆಯಿಲ್ಲದ ಎಷ್ಟೋ ನೀರಿನ ದಾರಿಗಳು ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತವೆ. ಆ ನಡಿಗೆಯ ವರದಿಗೆ ಗ್ರಾಮಸಭೆ ಒಪ್ಪದೆ ಜೆಸಿಬಿ ಇಳಿಯಬಾರದು. ಸೋಲಿಗರ ಗ್ರಾಮಸಭೆಗೆ ಕಾಡಿನ ಮೇಲೆ ಇರುವ ಹಕ್ಕಿನಂಥದ್ದು ಬಯಲುಸೀಮೆಯ ಗ್ರಾಮಸಭೆಗೆ ಕೆರೆ, ಕುಂಟೆ, ಗುಂಡುತೋಪುಗಳ ಮೇಲೆ ಬರಬೇಕು. ಆ ಸಭೆಯಲ್ಲಿ ಜಮೀನಿಲ್ಲದವರಿಗೂ ಹೆಂಗಸರಿಗೂ ಸ್ಥಾನ ಮೀಸಲಿರಬೇಕು. ಇಲ್ಲದಿದ್ದರೆ ಹಳೆಯ ಯಜಮಾನಿಕೆಯೇ ಹೊಸ ಹೆಸರಿನಲ್ಲಿ ಮರಳುತ್ತದೆ.

ರಾಜ್ಯದ ಮುಂದಿನ ಹವಾಮಾನ ಯೋಜನೆಯೂ ಪಾರಂಪರಿಕ ಜ್ಞಾನವನ್ನು ಹೊಗಳಿಯೇ ಹೊಗಳುತ್ತದೆ. ಚಿಕ್ಕಬಳ್ಳಾಪುರದ ಓದುಗರು ಆ ಪುಟವನ್ನು ದಾಟಿ ಬಜೆಟ್ಟಿನ ಪಟ್ಟಿಯನ್ನೂ ಸಭೆಯ ನಡಾವಳಿಯನ್ನೂ ಬಿಚ್ಚಿ ನೋಡಬೇಕು. ಕೆರೆಯ ನೀರಗಂಟಿಗೆ ತಿಂಗಳ ಸಂಬಳ ಇದೆಯೇ, ಕಾಲುವೆಯ ಜಾಡು ಹೇಳಿದವರ ಹೆಸರು ಇದೆಯೇ, ಊರು ಬೇಡವೆಂದ ಕಾಮಗಾರಿ ನಿಂತ ಒಂದಾದರೂ ಉದಾಹರಣೆ ಇದೆಯೇ ಎಂದು ಕೇಳಬೇಕು. ಮೂರಕ್ಕೂ ಹೌದೆಂಬ ಉತ್ತರ ಬರುವವರೆಗೆ ಈ ಜ್ಞಾನ ನಮಗೆ ದಾನವಾಗಿ ಬಂದದ್ದೆಂದು ಹೇಳಿಕೊಳ್ಳುವ ಹಾಗಿಲ್ಲ. ಅದು ಬಾಕಿ ಉಳಿಸಿಕೊಂಡ ಕೂಲಿ. ತೀರಿಸಬೇಕಾದ್ದು ಸರ್ಕಾರ, ಮತ್ತು ಆ ನೀರು ಕುಡಿದ ನಾವೆಲ್ಲರೂ.